ಬ್ರಿಡ್ಜ್ ಆಟದ ಈಲೈ ಕಲ್ಬರ್ಟ್‌ಸನ್

ಇಸ್ಪೀಟು ಎಂದೊಡನೆ ನಮ್ಮ ಕಡೆಯ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಯುಗಾದಿಯ ದಿನವೊಂದನ್ನು ಬಿಟ್ಟರೆ ಮಿಕ್ಕ ದಿನಗಳಲ್ಲಿ ಎಲೆ ಹಿಡಿದವನು ಕೆಟ್ಟನೆಂದೇ ಅವರ ಲೆಕ್ಕ. ಓದುಬರಹ ಕಾಣದ ಮನೆಯಿಂದ ಬಂದ ನನಗೂ ಈ ಪಾಠ ಚೆನ್ನಾಗಿಯೇ ಆಗಿದೆ. ಹೀಗಿರುವಾಗ, ಇಸ್ಪೀಟಾಡಿ ಬದುಕಿದವನೊಬ್ಬನ ಜೀವನವನ್ನು ಕಾಲೇಜಿನ ಸಂಚಿಕೆಗೆ ಬರೆಯುವುದೆ ಎಂದು ವಾಚಕರು ಕೇಳಬಹುದು. 2018ರಲ್ಲಿ ಜಕಾರ್ತದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರಣಬ್ ಬರ್ಧನ್, ಶಿಬನಾಥ್ ಸರ್ಕಾರ್ ಎಂಬ ಇಬ್ಬರು ಭಾರತೀಯರು ಬ್ರಿಡ್ಜ್ ಆಟದಲ್ಲಿ ಚಿನ್ನದ ಪದಕ ಗಳಿಸಿದರು. ಎಲೆಗಳ ಆಟವೊಂದು ಪದಕದವರೆಗೆ ಏರಿದ ಈ ಕಥೆಯಲ್ಲಿ ಈಲೈ ಕಲ್ಬರ್ಟ್‌ಸನ್ನನ ಪಾಲು ದೊಡ್ಡದು.

ಈತನು ಹುಟ್ಟಿದ್ದು 1891ರಲ್ಲಿ, ರುಮೇನಿಯ ದೇಶದಲ್ಲಿ. ತಂದೆ ಅಮೆರಿಕದ ಗಣಿ ಎಂಜಿನಿಯರು; ತಾಯಿ ರಷ್ಯದ ಕೊಸಾಕ್ ಮನೆತನದವಳು. ತಂದೆ ಕಾಕಸಸ್ ಸೀಮೆಯ ಎಣ್ಣೆಬಾವಿಗಳಿಂದ ಹಣ ಮಾಡಿದ್ದನು. ಮಗನು ಪ್ಯಾರಿಸ್ ಮತ್ತು ಜಿನೀವಾಗಳಲ್ಲಿ ವಿದ್ಯಾರ್ಥಿಯಾಗಿದ್ದನಾದರೂ ಬಹುಭಾಗ ತಾನೇ ಓದಿ ಕಲಿತವನು. ತಾರುಣ್ಯದಲ್ಲಿ ರಷ್ಯದ ಕ್ರಾಂತಿಕಾರರೊಡನೆ ಸೇರಿ ಸೆರೆಮನೆ ಕಂಡುದಾಗಿ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ತನ್ನ ಕಥೆಗೆ ಉಪ್ಪುಖಾರ ಹಚ್ಚುವುದರಲ್ಲಿ ಆತನು ನಿಸ್ಸೀಮನಾದುದರಿಂದ ಇದನ್ನು ಸ್ವಲ್ಪ ಎಚ್ಚರದಿಂದಲೇ ಓದಬೇಕು. 1917ರ ಕ್ರಾಂತಿಯಲ್ಲಿ ಮನೆತನದ ಸಂಪತ್ತು ಕೊಚ್ಚಿಹೋದದ್ದು ಮಾತ್ರ ನಿಜ. ನಾಲ್ಕು ವರ್ಷ ಯುರೋಪಿನ ಊರೂರು ಸುತ್ತುತ್ತ, ಎಲೆಯಾಡಿ ಹೊಟ್ಟೆ ಹೊರೆದುಕೊಂಡು, 1921ರಲ್ಲಿ ಅಮೆರಿಕಕ್ಕೆ ಬಂದನು. ನ್ಯೂಯಾರ್ಕಿನಲ್ಲಿಯೂ ಅದೇ ಕಸುಬು.

ಅಲ್ಲಿ ಜೋಸೆಫೀನ್ ಡಿಲನ್ ಎಂಬಾಕೆ ಬ್ರಿಡ್ಜ್ ಕಲಿಸುವುದರಲ್ಲಿ ಆಗಲೇ ಹೆಸರು ಮಾಡಿದ್ದಳು. 1923ರಲ್ಲಿ ಇಬ್ಬರಿಗೂ ಮದುವೆಯಾಯಿತು. ಈ ಮದುವೆಯನ್ನು ಬಿಟ್ಟು ಕಲ್ಬರ್ಟ್‌ಸನ್ನನ ಕೀರ್ತಿಯ ಮಾತೇ ಇಲ್ಲ. ಆತನದು ಆವೇಶದ ಸ್ವಭಾವ, ಆಕೆ ಸಮಾಧಾನಿ. ಮೇಜಿನ ಎದುರುಬದುರು ಕುಳಿತು ಇಬ್ಬರೂ ಜೋಡಿಯಾಗಿ ಆಡುತ್ತಿದ್ದರು.

ಆಟವನ್ನರಿಯದವರಿಗಾಗಿ ಒಂದೆರಡು ಮಾತು. ಬ್ರಿಡ್ಜ್‌ನಲ್ಲಿ ನಾಲ್ವರು, ಎರಡು ಜೋಡಿ. 52 ಎಲೆಗಳನ್ನು ತಲೆಗೆ 13ರಂತೆ ಹಂಚುತ್ತಾರೆ. ಮೊದಲು ಹರಾಜಿನಂತೆ ಕೂಗು ನಡೆಯುತ್ತದೆ: ಯಾವುದನ್ನು ತುರುಫು ಮಾಡಿ ಎಷ್ಟು ಸುತ್ತು ಗೆಲ್ಲುವೆವೆಂಬ ಕೂಗು. ಜೊತೆಗಾರನ ಕೈಯಲ್ಲಿ ಏನಿದೆಯೆಂದು ಕೇಳುವಂತಿಲ್ಲ, ಸನ್ನೆ ಮಾಡುವಂತಿಲ್ಲ. ಕೂಗಿನ ಮೂಲಕವೇ ಊಹಿಸಬೇಕು. 1925ರಲ್ಲಿ ಹೆರಲ್ಡ್ ವ್ಯಾಂಡರ್‌ಬಿಲ್ಟ್ ಎಂಬ ಕೋಟ್ಯಧೀಶನು ಪನಾಮಾ ಕಾಲುವೆಯ ಮೂಲಕ ಹೋಗುತ್ತಿದ್ದ ಹಡಗಿನಲ್ಲಿ ಕುಳಿತು ಈ ಆಟಕ್ಕೆ ಹೊಸ ಅಂಕಪದ್ಧತಿ ಕಟ್ಟಿದನು. ಕೂಗಿದಷ್ಟಕ್ಕೆ ಮಾತ್ರ ದೊಡ್ಡ ಫಲ, ಕೂಗಿ ತಪ್ಪಿದರೆ ದಂಡ. ಇದರಿಂದ ಕೂಗಿಗೆ ಎಲ್ಲಿಲ್ಲದ ಬೆಲೆ ಬಂದಿತು. ಆದರೆ ಹೇಗೆ ಕೂಗಬೇಕೆಂದು ಹೇಳಿಕೊಡುವವರು ಬೇಕಲ್ಲ! ಆವರೆಗೆ ಆಟದ ನಿಯಮಗಳೇ ಲಂಡನ್ನಿನ ಪೋರ್ಟ್‌ಲೆಂಡ್ ಕ್ಲಬ್ಬು, ನ್ಯೂಯಾರ್ಕಿನ ವಿಸ್ಟ್ ಕ್ಲಬ್ಬುಗಳಂತಹ ಸಿರಿವಂತರ ಕೂಟಗಳಲ್ಲಿ ತಯಾರಾಗುತ್ತಿದ್ದವು.

ಕಲ್ಬರ್ಟ್‌ಸನ್ ಆ ಬಾಗಿಲನ್ನು ಸಾಮಾನ್ಯ ಗೃಹಸ್ಥರಿಗೆ ತೆರೆದನು. ಎಕ್ಕ ಒಂದಿದ್ದರೆ ಒಂದು ಬೆಲೆ, ಒಂದೇ ಬಣ್ಣದ ಎಕ್ಕ-ರಾಜ ಕೂಡಿದ್ದರೆ ಎರಡು, ರಾಜ-ರಾಣಿ ಕೂಡಿದ್ದರೆ ಒಂದು ಎಂದು ಲೆಕ್ಕ ಹಾಕಿಕೊಟ್ಟನು. ಎರಡೂವರೆ ಇದ್ದರೆ ಕೂಗು ತೆರೆಯಬಹುದು. ಕೆಲವು ಕೂಗುಗಳನ್ನು ಕೇಳಿದಮೇಲೆ ಜೊತೆಗಾರನು ಕೈ ಬಡವಾಗಿದ್ದರೂ ಸುಮ್ಮನಿರಕೂಡದು, ಉತ್ತರ ಕೊಡಲೇಬೇಕು. ಹೀಗೆ ಕೂಗೆಂಬುದು ಇಬ್ಬರ ನಡುವಿನ ಕರಾರಾಯಿತು. 1929ರಲ್ಲಿ ಒಂದು ಮಾಸಪತ್ರಿಕೆ, 1930ರಲ್ಲಿ ನೀಲಿ ಪುಸ್ತಕವೆಂದು ಹೆಸರಾದ ಗ್ರಂಥ. ಅದೇ ವರ್ಷ ಲಂಡನ್ನಿಗೆ ಹೋಗಿ ಕರ್ನಲ್ ಬುಲರನ ತಂಡವನ್ನು 200 ಹಂಚಿಕೆಗಳಲ್ಲಿ 4,845 ಅಂಕಗಳಿಂದ ಸೋಲಿಸಿದನು.

ಹಳೆಯ ಪಂಡಿತರು ಸುಮ್ಮನಿರುವರೆ? ಹನ್ನೆರಡು ಮಂದಿ ಸೇರಿ ತಮ್ಮದೇ ಪದ್ಧತಿಯನ್ನು ಸಾರಿದರು. ಮಿಲ್ಟನ್ ವರ್ಕ್ ಅವರಲ್ಲೊಬ್ಬನು. ಅವರ ಪರವಾಗಿ ಸಿಡ್ನಿ ಲೆನ್ಜ್ ಕಣಕ್ಕಿಳಿದನು. 1931ರ ಡಿಸೆಂಬರ್ 7ರಂದು ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಆರಂಭವಾದ ಪಂದ್ಯ ಮರುವರ್ಷದ ಜನವರಿಯವರೆಗೆ ನಡೆಯಿತು: 150 ರಬ್ಬರು. ತಾನು ಸೋತರೆ 5,000 ಡಾಲರು, ಲೆನ್ಜ್ ಸೋತರೆ 1,000 ಡಾಲರು ಧರ್ಮಕಾರ್ಯಕ್ಕೆ ಎಂದು ಕಲ್ಬರ್ಟ್‌ಸನ್ ಪಣವೊಡ್ಡಿದ್ದನು. ದೇಶಕ್ಕೆ ದೇಶವೇ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದಾಗ ಪತ್ರಿಕೆಗಳ ಮೊದಲ ಪುಟ ಈ ನಾಲ್ವರಿಗೆ ಮೀಸಲಾಯಿತು. ತೀರ್ಪುಗಾರನಾಗಿದ್ದ ಲೆಫ್ಟಿನೆಂಟ್ ಆಲ್‌ಫ್ರೆಡ್ ಗ್ರುಂಥರ್ ಮುಂದೆ ನೇಟೋ ಪಡೆಗಳ ಮಹಾದಂಡನಾಯಕನಾದನು. ನಡುವೆ ಲೆನ್ಜ್‌ನಿಗೂ ಆತನ ಜೊತೆಗಾರ ಜೇಕಬಿಗೂ ಜಗಳವಾಗಿ ಜೇಕಬಿ ಎದ್ದುಹೋದನು. ಕೊನೆಗೆ ಕಲ್ಬರ್ಟ್‌ಸನ್ 8,980 ಅಂಕಗಳಿಂದ ಗೆದ್ದನು. ಇದರಿಂದ ಆತನ ಪದ್ಧತಿಯೇ ಶ್ರೇಷ್ಠವೆಂದು ಸಿದ್ಧವಾಯಿತೆನ್ನಲು ನನಗೆ ಮನಸ್ಸು ಬಾರದು. ಒಂದು ಜೋಡಿ ಒಡೆಯಿತು, ಇನ್ನೊಂದು ಒಡೆಯಲಿಲ್ಲ, ಅಷ್ಟೆ.

ಆಮೇಲೆ ಹಣದ ಹೊಳೆಯೇ ಹರಿಯಿತು. ನ್ಯೂಯಾರ್ಕಿನಲ್ಲಿ ಕ್ರಾಕ್‌ಫರ್ಡ್ಸ್ ಎಂಬ ವೈಭವದ ಬ್ರಿಡ್ಜ್ ಕ್ಲಬ್ಬನ್ನು ತೆರೆದನು. ಹಿಂದೆ ಲಂಡನ್ನಿನಲ್ಲಿ ಮೀನು ಮಾರುವವನ ಮಗ ವಿಲಿಯಂ ಕ್ರಾಕ್‌ಫರ್ಡ್ ಎಂಬವನು 1828ರಲ್ಲಿ ತೆರೆದಿದ್ದ ಜೂಜಿನ ಮನೆಯ ಹೆಸರದು. ಪ್ರಭುಗಳ ಆಸ್ತಿಯನ್ನು ನುಂಗಿದ ಮನೆ! ಆಟವನ್ನು ಜೂಜುಕಟ್ಟೆಯಿಂದ ಮೇಲೆತ್ತಿದವನು ತನ್ನ ಕ್ಲಬ್ಬಿಗೆ ಅದೇ ಹೆಸರನ್ನು ಆರಿಸಿಕೊಂಡನೆಂದರೆ, ವ್ಯಾಪಾರದ ಬುದ್ಧಿ ಆತನನ್ನು ಎಂದೂ ಬಿಟ್ಟಿರಲಿಲ್ಲವೆಂದೇ ಅರ್ಥ. 1935ರಲ್ಲಿ ದಂಪತಿಗಳು ಹಾಲ್ ಸಿಮ್ಸ್ ದಂಪತಿಗಳನ್ನು 16,130 ಅಂಕಗಳಿಂದ ಸೋಲಿಸಿದರು. 1937ರಲ್ಲಿ ಬುಡಾಪೆಸ್ಟ್‌ನ ವಿಶ್ವ ಪಂದ್ಯದಲ್ಲಿ ಆಸ್ಟ್ರಿಯದ ತಂಡ ಇವರನ್ನು ಮಣಿಸಿತು. 1938ರಲ್ಲಿ ಗಂಡಹೆಂಡಿರು ವಿಚ್ಛೇದನ ಪಡೆದರು. ಜೊತೆಗಾರರು ಒಬ್ಬರನ್ನೊಬ್ಬರು ಹೇಗೆ ನಂಬಬೇಕೆಂದು ಲಕ್ಷಾಂತರ ಮನೆಗಳಿಗೆ ಪಾಠ ಹೇಳಿದವರ ಮನೆಯಲ್ಲಿ ಇದು ನಡೆದದ್ದು ಕೇಳಿದರೆ ಸಂಕಟವಾಗುತ್ತದೆ.

ಇಲ್ಲಿಂದ ಮುಂದೆ ಆತನು ಬೇರೆಯೇ ಮನುಷ್ಯ. ಯುದ್ಧ ನಡೆಯುತ್ತಿರುವಾಗಲೇ ವಿಶ್ವ ಒಕ್ಕೂಟದ ಯೋಜನೆಯೊಂದನ್ನು ರಚಿಸಿ, 1943ರಲ್ಲಿ ಪುಸ್ತಕವಾಗಿ ಹೊರತಂದನು. ರಾಷ್ಟ್ರಗಳು ಇಷ್ಟಿಷ್ಟೇ ಸೈನ್ಯವಿಟ್ಟುಕೊಳ್ಳಬೇಕು, ಅವುಗಳ ಮೇಲೆ ಒಂದು ಅಂತರರಾಷ್ಟ್ರೀಯ ಪಡೆ ಇರಬೇಕು ಎಂಬುದು ಅದರ ತಿರುಳು. ಇಸ್ಪೀಟಿನವನ ರಾಜಕಾರಣವೆಂದು ನಕ್ಕವರುಂಟು. ಮನೆಯ ಸಂಪತ್ತನ್ನು ಕ್ರಾಂತಿಯಲ್ಲಿ ಕಳೆದುಕೊಂಡು ದೇಶದೇಶ ಅಲೆದವನಿಗೆ ಯುದ್ಧವೆಂದರೇನೆಂದು ನಕ್ಕವರಿಗಿಂತ ಚೆನ್ನಾಗಿ ಗೊತ್ತಿತ್ತು ಎಂದು ನನ್ನ ಎಣಿಕೆ.

ಇತ್ತ ಆಟದಲ್ಲಿ ಚಾರ್ಲ್ಸ್ ಗೋರೆನ್ ಮುಂದೆ ಬಂದನು. 1949ರ ಹೊತ್ತಿಗೆ ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂಬ ಸುಲಭದ ಎಣಿಕೆಯನ್ನು ಜನಪ್ರಿಯಗೊಳಿಸಿದನು. ಈ ಎಣಿಕೆಯನ್ನು ಹಿಂದೆ ಪ್ರಚಾರ ಮಾಡಿದ್ದವನು ಮತ್ತಾರೂ ಅಲ್ಲ, ಲೆನ್ಜ್ ಪಂದ್ಯದಲ್ಲಿ ಸೋತ ಪಕ್ಷದ ಮಿಲ್ಟನ್ ವರ್ಕ್! ಕಲ್ಬರ್ಟ್‌ಸನ್ನನ ಲೆಕ್ಕ ಆತನ ಕಣ್ಣೆದುರಿಗೇ ಹಳತಾಯಿತು. 1955ರ ಡಿಸೆಂಬರ್ 27ರಂದು ವರ್ಮಾಂಟ್ ಸಂಸ್ಥಾನದ ಬ್ರ್ಯಾಟಲ್‌ಬರೋ ಎಂಬ ಊರಿನಲ್ಲಿ ಆತನು ತೀರಿಕೊಂಡನು. ಮೂರು ತಿಂಗಳು ಕಳೆಯುವಷ್ಟರಲ್ಲಿ ಜೋಸೆಫೀನಳೂ ತೀರಿಕೊಂಡಳು.