ಸೊರಗು ರೋಗದ ಜಾಡು ಹಿಡಿದ ಯೋನೆ

ನಿಮ್ಮ ಹಿಂಡಿನ ಮೇಕೆಯೊಂದು ಚೆನ್ನಾಗಿ ಮೇಯುತ್ತಿದ್ದರೂ ದಿನೇ ದಿನೇ ಸೊರಗುತ್ತಿದೆಯೆ? ಜಂತುಹುಳುವಿನ ಮದ್ದು ಹಾಕಿದರೂ ಮೈ ಹಿಡಿಯುತ್ತಿಲ್ಲವೆ? ಹಾಗಾದರೆ ಜರ್ಮನಿಯ ಪಶುವೈದ್ಯ ಹೈನ್ರಿಖ್ ಆಲ್ಬರ್ಟ್ ಯೋನೆ ಅವರ ಕತೆ ನಿಮಗೆ ತಿಳಿದಿರಲಿ.

1839ರಲ್ಲಿ ಹುಟ್ಟಿದ ಯೋನೆ, ಡ್ರೆಸ್ಡೆನ್ ನಗರದ ಪಶುವೈದ್ಯ ಶಾಲೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ಮಾಂಸ ಪರೀಕ್ಷೆಯಲ್ಲಿ ನಿಷ್ಣಾತರೆಂದು ಹೆಸರಾಗಿದ್ದರು. 1895ರಲ್ಲಿ, ಹೀಗೆಯೇ ಸೊರಗಿದ್ದ ಹಸುವೊಂದರ ಕರುಳು ಪರೀಕ್ಷೆಗೆ ಬಂತು. ಅದಕ್ಕೆ ಕ್ಷಯವೆಂದು ಶಂಕೆಯಿತ್ತು. ಆದರೆ ಚುಚ್ಚುಮದ್ದಿನ ಪರೀಕ್ಷೆಯಲ್ಲಿ ಕ್ಷಯ ಕಂಡಿರಲಿಲ್ಲ. ಯೋನೆ ಮತ್ತು ಅಮೆರಿಕದ ಫ್ರಾದಿಂಗ್‌ಹ್ಯಾಮ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ದಪ್ಪಗಟ್ಟಿದ ಕರುಳಿನಲ್ಲಿ ಕ್ಷಯದ ರೋಗಾಣುವನ್ನೇ ಹೋಲುವ ಕಡ್ಡಿಯಂಥ ರೋಗಾಣುಗಳಿದ್ದವು. ಹಕ್ಕಿಗಳ ಕ್ಷಯವಿರಬೇಕೆಂದು ಅವರು ಎಣಿಸಿದರು. ಆ ಎಣಿಕೆ ತಪ್ಪಾಗಿತ್ತು. ಇದು ಬೇರೆಯೇ ರೋಗವೆಂದು ಡೆನ್ಮಾರ್ಕಿನ ಬ್ಯಾಂಗ್ 1906ರಲ್ಲಿ ತೋರಿಸಿದರು. 1910ರಲ್ಲಿ ಯೋನೆ ತೀರಿಕೊಂಡರು. ರೋಗಕ್ಕೆ ಮಾತ್ರ ಅವರ ಹೆಸರೇ ನಿಂತಿತು; ನಮ್ಮ ಪಶುವೈದ್ಯರು ಅದನ್ನು ಜೋನ್ಸ್ ರೋಗ ಎನ್ನುತ್ತಾರೆ.

ಹಸುವಿಗೆ ಈ ರೋಗದಲ್ಲಿ ಭೇದಿಯಾಗುತ್ತದೆ. ಮೇಕೆಗೆ ಭೇದಿಯಿಲ್ಲದೆಯೂ ಇರಬಹುದು. ಆದ್ದರಿಂದ ಸೊರಗುವುದನ್ನೇ ಗಮನಿಸಿ, ಹಿಕ್ಕೆ ಮತ್ತು ರಕ್ತವನ್ನು ಪರೀಕ್ಷೆ ಮಾಡಿಸಿ. ಒಂದು ಪರೀಕ್ಷೆಯಲ್ಲಿ ಕಾಣದಿದ್ದರೆ ರೋಗವಿಲ್ಲವೆಂದು ನಂಬಬೇಡಿ. ವಾಸಿಮಾಡುವ ಮದ್ದಿಲ್ಲ. ರೋಗ ಹಿಕ್ಕೆಯಿಂದಲೂ ಹಾಲಿನಿಂದಲೂ ಮರಿಗೆ ತಗಲುತ್ತದೆ; ರೋಗಿ ಮೇಕೆಯನ್ನು ಬೇರ್ಪಡಿಸಿ, ಮೇವಿನ ಗೋದಲಿಗೆ ಹಿಕ್ಕೆ ಬೀಳದಂತೆ ನೋಡಿಕೊಳ್ಳಿ.

ಲಸಿಕೆಯೂ ಇದೆ. ಮಥುರಾ ಬಳಿಯ ಮಖ್ದೂಮ್‌ನ ಕೇಂದ್ರೀಯ ಮೇಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನಮ್ಮ ದೇಶದ ರೋಗಾಣುವಿನಿಂದಲೇ ಅದನ್ನು ತಯಾರಿಸಿದ್ದಾರೆ. ಲಸಿಕೆ ರೋಗವನ್ನು ತಗ್ಗಿಸುತ್ತದೆ, ಪೂರ್ತಿ ತೊಡೆಯದು. ಲಸಿಕೆ ಹಾಕಿಸುವ ಮುನ್ನ ಪಶುವೈದ್ಯರನ್ನು ವಿಚಾರಿಸಿ. ಮುಂದೆ ಕ್ಷಯದ ಪರೀಕ್ಷೆ ಮಾಡಿಸುವಾಗ ಲಸಿಕೆ ಹಾಕಿಸಿದ್ದನ್ನು ತಪ್ಪದೆ ಹೇಳಿ.