ಕುಲಪುರೋಹಿತರು ಅಂದ್ರೆ ಮದುವೆ ಮಾಡಿಸೋರಾ?

ನಮ್ಮ ಸತ್ತೂರಿನ ಪಕ್ಕದ ಮನೆಯ ಹುಡುಗ ಆರನೇ ಕ್ಲಾಸು. ರಾಜ್ಯೋತ್ಸವಕ್ಕೆ ಆಲೂರು ವೆಂಕಟರಾಯರ ಮೇಲೆ ಭಾಷಣ ಬಾಯಿಪಾಠ ಮಾಡಿಕೊಂಡು ಒಪ್ಪಿಸಲು ಬಂದಿದ್ದ. ಒಂದೇ ಉಸಿರಿಗೆ ಮುಗಿಸಿದವನು, ಕನ್ನಡದ ಕುಲಪುರೋಹಿತರು ಅಂದರೆ ಮದುವೆ ಮಾಡಿಸುವವರೇನಕ್ಕಾ ಎಂದು ಕೇಳಿದ. ನಗು ಬಂತು, ಉತ್ತರ ಬರಲಿಲ್ಲ. ಅವನ ವಯಸ್ಸಿನಲ್ಲಿ ಇದೇ ಭಾಷಣ ಹೇಳಿ ನಾನು ಸ್ಟೀಲ್ ಡಬ್ಬಿ ಗೆದ್ದಿದ್ದೆ! ಈಗ ಬಿ.ಇ. ಓದುತ್ತಿದ್ದೇನೆ. ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋದಾಗಲೆಲ್ಲ ಅವರದೇ ಹೆಸರಿನ ವೃತ್ತ ದಾಟುತ್ತೇನೆ. ನಮಗೆಲ್ಲ ಅದು ಬರೀ ಜ್ಯುಬಿಲಿ ಸರ್ಕಲ್.

ಅಂದು ರಾತ್ರಿ ಇಂಟರ್ನಲ್ಸ್ ಪಕ್ಕಕ್ಕಿಟ್ಟು ಅವರ ಬಗ್ಗೆ ಓದಿದೆ.

ವೆಂಕಟರಾಯರು ಹುಟ್ಟಿದ್ದು 1880ರಲ್ಲಿ, ವಿಜಯಪುರದಲ್ಲಿ. ಹೆಚ್ಚುಕಡಿಮೆ ನನ್ನ ಈಗಿನ ವಯಸ್ಸಿಗೆ ಅವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿದ್ದರು. ಅದು ತಿಲಕರ ಕಾಲ. ಮರಾಠಿ ಹುಡುಗರಿಗೆ ಶಿವಾಜಿಯ ಕಥೆ ನಾಲಿಗೆಯ ತುದಿಯಲ್ಲಿತ್ತು. ಹರ್ಷನನ್ನು ನರ್ಮದೆಯ ದಂಡೆಯಲ್ಲಿ ತಡೆದ ಪುಲಕೇಶಿ ನಮ್ಮವನು ಎಂಬುದು ಕನ್ನಡದ ಮಕ್ಕಳಿಗೇ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಕನ್ನಡಿಗರು ಮುಂಬೈ, ಮದ್ರಾಸ್, ಹೈದರಾಬಾದ್, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದರು.

1905ರಲ್ಲಿ ವೆಂಕಟರಾಯರು ಹಂಪಿ, ಆನೆಗೊಂದಿಗೆ ಹೋದರು. ಆಗಷ್ಟೇ ಕಾನೂನು ಓದು ಮುಗಿದಿತ್ತು, ಧಾರವಾಡದಲ್ಲಿ ವಕೀಲಿಕೆ ಮಾಡಿ ನೆಮ್ಮದಿಯಾಗಿ ಇರಬಹುದಿತ್ತು. ಆ ಹಾಳುಬಿದ್ದ ಕಲ್ಲುಗಳು ಬಿಡಲಿಲ್ಲ. ಬಾದಾಮಿ, ಐಹೊಳೆ, ಪಟ್ಟದಕಲ್ಲು ಸುತ್ತಿದರು, ಶಾಸನಗಳನ್ನು ಓದಿದರು. ವರ್ಷಗಟ್ಟಲೆ ಹೀಗೆ ಅಲೆದ ಮೇಲೆ, 1917ರಲ್ಲಿ ಕರ್ನಾಟಕ ಗತವೈಭವ ಹೊರಬಂತು. ನಾಲ್ಕು ವರ್ಷ ಕಳೆಯುವುದರೊಳಗೆ ವಕೀಲಿಕೆಯನ್ನೂ ಬಿಟ್ಟರು.

ಪುಸ್ತಕದ ತುಂಬ ವೈಭವವೇ. ಯುದ್ಧಗಳಲ್ಲಿ ಸತ್ತವರ, ಸೋತವರ ಲೆಕ್ಕ ಅಲ್ಲಿ ಸಿಗುವುದಿಲ್ಲ. ಮಕ್ಕಳಿಗೆ ಬರೀ ಹೆಮ್ಮೆ ಕಲಿಸಿದರೆ ಸಾಕೇ ಎಂದು ನನಗೆ ಅನುಮಾನವಿದೆ. ಆದರೆ ತಮ್ಮ ಹೆಸರನ್ನೇ ಮರೆತು ಮಲಗಿದ್ದವರನ್ನು ಎಬ್ಬಿಸಬೇಕಿದ್ದವರಿಗೆ ಬೇರೆ ದಾರಿ ಇತ್ತೇ? ಗೊತ್ತಿಲ್ಲ.

1956ರ ನವೆಂಬರ್ 1ರಂದು ರಾಜ್ಯ ಒಂದಾದಾಗ ಎಪ್ಪತ್ತಾರರ ಈ ಅಜ್ಜ ಹಂಪಿಗೆ ಹೋಗಿ ಭುವನೇಶ್ವರಿಗೆ ಪೂಜೆ ಸಲ್ಲಿಸಿದರು. ರಾಜ್ಯದ ಹೆಸರು ಮಾತ್ರ ಇನ್ನೂ ಮೈಸೂರು ಎಂದೇ ಇತ್ತು. ಅದು ಕರ್ನಾಟಕವಾದದ್ದು 1973ರಲ್ಲಿ. ಅವರು 1964ರಲ್ಲೇ ಹೊರಟುಹೋಗಿದ್ದರು. ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನನ್ನ ಬಹುಮಾನದ ಭಾಷಣದಲ್ಲಿ ಈ ವಿಷಯವೇ ಇರಲಿಲ್ಲ.

ಮರುದಿನ ಹುಡುಗನಿಗೆ ಹೇಳಿದೆ: ಐದು ಕಡೆ ಚದುರಿದ್ದವರನ್ನು ಒಂದು ಮನೆಗೆ ಸೇರಿಸಲು ಓಡಾಡಿದರಲ್ಲ, ಅದೂ ಒಂಥರಾ ಮದುವೆ ಮಾಡಿಸಿದಂತೆಯೇ. ಹಂಗಾದ್ರ ಸರಿ ಅಂದ. ಹಂಪಿಗೆ ಯಾವಾಗ ಹೋಗೋಣ ಎಂದು ಗಂಟುಬಿದ್ದ.

ಹಂಪಿ ದೂರ. ಭಾನುವಾರ ಅದೇ ಚಿಗರಿ ಬಸ್ಸಿನಲ್ಲಿ ಉಣಕಲ್ಲಿಗೆ ಕರೆದೊಯ್ದು, ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ ತೋರಿಸಿದೆ. ಕಂಬಗಳನ್ನು ಎರಡು ಸಲ ಎಣಿಸಿದ, ಎರಡೂ ಸಲ ಬೇರೆ ಬೇರೆ ಲೆಕ್ಕ ಬಂತು. ಅವನ ಭಾಷಣ ಈಗ ಹಂಪಿಯ ಕಲ್ಲುಗಳಿಂದ ಶುರುವಾಗುತ್ತದೆ. ಅವರ ಸರ್ ಒಪ್ಪುತ್ತಾರೋ ಇಲ್ಲವೋ ಎಂಬುದೊಂದೇ ಅವನ ಚಿಂತೆ.