ಮಠದ ಮೌನ, ಶಾಲೆಯ ಗಂಟೆ: ಮಾತೆ ವೆರೋನಿಕಾ

ಶಾಲೆಯಲ್ಲಿ ಧರ್ಮೋಪದೇಶದ ಪಾಠ ಹೇಳುವವರನ್ನು ಯಾವ ಸಾಲಿನಲ್ಲಿ ಕೂರಿಸಬೇಕೆಂಬುದು ಹಳೆಯ ಪ್ರಶ್ನೆ. ಗಣಿತದ ಅಧ್ಯಾಪಕರಂತೆ ಅವರೂ ವೃತ್ತಿನಿರತರೋ, ಅಥವಾ ಧರ್ಮಸಭೆಯ ಸೇವಕರು ಮಾತ್ರವೋ? ಈ ಎರಡರ ನಡುವಿನ ಎಳೆದಾಟವನ್ನು ಬದುಕಿಡೀ ಅನುಭವಿಸಿದವರು ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಸಂಸ್ಥಾಪಕಿ ಮಾತೆ ವೆರೋನಿಕಾ. ಮೇಡ್ಲೇರಿಯಿಂದ ಮಂಗಳೂರು ದೂರವೇ ಸರಿ. ಆದರೆ ಕನ್ನಡನಾಡಿನ ಕಥೋಲಿಕ ಶಾಲೆಗಳ ಇತಿಹಾಸವನ್ನು ಅವರ ಹೆಸರಿಲ್ಲದೆ ಬರೆಯಲಾಗದು.

ಅವರ ಮೊದಲ ಹೆಸರು ಸೋಫಿ ಲೀವ್ಸ್. ಹುಟ್ಟಿದ್ದು 1823ರ ಅಕ್ಟೋಬರ್ 1ರಂದು, ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ. ತಂದೆ ಹೆನ್ರಿ ಡೇನಿಯಲ್ ಲೀವ್ಸ್ ಅಲ್ಲಿನ ಬ್ರಿಟಿಷ್ ರಾಯಭಾರ ಕಚೇರಿಯ ಆಂಗ್ಲಿಕನ್ ಗುರುಗಳು. ಬೈಬಲನ್ನು ಆಧುನಿಕ ಗ್ರೀಕ್ ಭಾಷೆಗೆ ತರುವ ಕಾರ್ಯದಲ್ಲಿ ತೊಡಗಿದ್ದವರು. ಇಂತಹ ಮನೆಯ ಮಗಳು 1850ರಲ್ಲಿ ಮಾಲ್ಟಾ ದ್ವೀಪದಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದಳು. ಸ್ವಜನರನ್ನು ನೋಯಿಸದೆ ಇಡಬಹುದಾದ ಹೆಜ್ಜೆ ಅದಾಗಿರಲಿಲ್ಲ. ಮುಂದೆ ಸಂತ ಎಮಿಲಿ ದ ವಿಯಲಾರ್ ಅವರು ಸ್ಥಾಪಿಸಿದ್ದ ಸಂತ ಜೋಸೆಫರ ಸಭೆಗೆ ಸೇರಿ, ವೆರೋನಿಕಾ ಎಂಬ ಹೆಸರು ತಾಳಿದರು.

1860ರ ದಶಕದ ಆರಂಭದಲ್ಲಿ ಆ ಸಭೆಯು ಅವರನ್ನು ಕಲ್ಲಿಕೋಟೆಗೆ ಕಳುಹಿಸಿತು. ಪಶ್ಚಿಮ ಕರಾವಳಿಯಲ್ಲಿ ಹೆಣ್ಣುಮಕ್ಕಳ ವಿದ್ಯಾಭ್ಯಾಸವು ಆಗಿನ್ನೂ ಅಪರೂಪದ ಸಂಗತಿ. ಕಾರ್ಮೆಲ್ ಸಭೆಯ ಧರ್ಮಪ್ರಚಾರಕರಾಗಿದ್ದ ಮರೀ ಎಫ್ರೇಮ್ ಅವರಿಗೆ ಒಂದು ಕನಸಿತ್ತು: ಕಾರ್ಮೆಲಿನ ಧ್ಯಾನಜೀವನವನ್ನು ಬಿಡದೆಯೇ ಶಾಲೆಯಲ್ಲಿ ಪಾಠ ಹೇಳುವ ಭಗಿನಿಯರ ಒಂದು ಸಭೆ ಬೇಕು. ಆ ಹೊಣೆ ವೆರೋನಿಕಾರ ಪಾಲಿಗೆ ಬಂದಿತು. ಆದರೆ ಅವರ ಅಂತರಂಗವು ಬಯಸುತ್ತಿದ್ದುದು ಮುಚ್ಚಿದ ಮಠದ ಏಕಾಂತವನ್ನು. ಶಾಲೆಯೋ, ಮಠವೋ ಎಂಬ ತೊಳಲಾಟ ಅವರನ್ನು ಬಹುಕಾಲ ಕಾಡಿತು. 1867ರಲ್ಲಿ ಅವರು ಫ್ರಾನ್ಸಿನ ಪೋ ಪಟ್ಟಣದ ಕಾರ್ಮೆಲ್ ಮಠವನ್ನು ಪ್ರವೇಶಿಸಿದರು. ಜೊತೆಯಲ್ಲಿ ಬಂದವಳು ಮರಿಯಮ್ ಬವಾರ್ದಿ ಎಂಬ ಅರಬ್ ತರುಣಿ. 2015ರಲ್ಲಿ ಸಂತ ಪದವಿಗೇರಿದವರು ಈಕೆಯೇ.

ಮರುವರ್ಷ, 1868ರ ಜುಲೈ 16ರ ಕಾರ್ಮೆಲ್ ಮಾತೆಯ ಹಬ್ಬದಂದು, ಬಯೋನ್ ನಗರದಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಭೆ ಆರಂಭವಾಯಿತು. ಇಲ್ಲಿ ಗಮನಿಸಬೇಕಾದುದು ತರಬೇತಿಯ ಬಗೆ. ಭಾರತಕ್ಕೆ ಹೊರಡಲಿದ್ದ ತರುಣಿಯರನ್ನು ಮಾತೆಯವರು ಪ್ರಾರ್ಥನೆಗೆ ಮಾತ್ರವಲ್ಲ, ಬೋಧನೆಗೂ ಅಣಿಗೊಳಿಸಿದರು. ಭಕ್ತಿಯೊಂದಿದ್ದರೆ ಪಾಠ ತಾನಾಗಿ ಬರುತ್ತದೆಂಬ ನಂಬಿಕೆ ನಮ್ಮಲ್ಲಿ ಇಂದಿಗೂ ಉಂಟು. ಬಿಡುವಿದ್ದವರ ಕೈಗೆ ಧರ್ಮೋಪದೇಶದ ಪುಸ್ತಕವನ್ನು ಕೊಟ್ಟು ಸುಮ್ಮನಾಗುವುದೂ ಉಂಟು. 1983ರ ಧರ್ಮಸಭಾ ಕಾನೂನುಸಂಹಿತೆಯು ಧರ್ಮಬೋಧಕರಲ್ಲಿ ಸರಿಯಾದ ಸಿದ್ಧಾಂತಜ್ಞಾನ, ಕ್ರೈಸ್ತ ಜೀವನದ ಸಾಕ್ಷ್ಯ ಮತ್ತು ಬೋಧನಾ ಕೌಶಲ ಈ ಮೂರನ್ನೂ ಬಯಸುತ್ತದೆ. ಮೂರನೆಯದನ್ನು ನಾವು ಹೆಚ್ಚಾಗಿ ಮರೆಯುತ್ತೇವೆ. ಬಯೋನಿನಲ್ಲಿ ನೂರು ವರ್ಷಗಳಿಗೂ ಹಿಂದೆಯೇ ಅದಕ್ಕೆ ಸ್ಥಾನ ದೊರೆತಿತ್ತು.

1870ರ ನವೆಂಬರ್ 19ರಂದು ಮಾತೆ ಮರೀ ದೇಸಾಂಜ್ ಅವರ ನೇತೃತ್ವದಲ್ಲಿ ಮೊದಲ ಭಗಿನಿಯರು ಮಂಗಳೂರಿಗೆ ಬಂದಿಳಿದರು. ಅದೇ ವರ್ಷ ಏಕಾಂತ ಮಠವನ್ನು ಸ್ಥಾಪಿಸಲು ಹೊರಟಿದ್ದ ಕಾರ್ಮೆಲ್ ಸನ್ಯಾಸಿನಿಯರಲ್ಲಿ ಕೆಲವರು ದಾರಿಯಲ್ಲೇ ಅಸುನೀಗಿದ್ದರು. ಸಂತ ಆನ್ನರ ಕಾನ್ವೆಂಟಿನಲ್ಲಿ ಹೆಣ್ಣುಮಕ್ಕಳ ಪಾಠಗಳು ನಡೆಯತೊಡಗಿದವು.

ಅಷ್ಟರಲ್ಲಿ ಪೆಟ್ಟು ಬಿದ್ದಿತು. ಮಂಗಳೂರಿನ ಧರ್ಮಾಧ್ಯಕ್ಷರಾಗಿದ್ದ ಮರೀ ಎಫ್ರೇಮ್ 1873ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅದೇ ವರ್ಷ ಬಯೋನಿನ ಮನೆಯೂ ಮುಚ್ಚಿತು. ತಾವು ಕಟ್ಟಿದುದೆಲ್ಲ ಕುಸಿಯಿತೆಂದು ಯಾರಿಗಾದರೂ ಅನಿಸಬಹುದಾದ ಗಳಿಗೆ. ಮಾತೆ ವೆರೋನಿಕಾ ಪೋ ಪಟ್ಟಣದ ಮಠಕ್ಕೆ ಹಿಂದಿರುಗಿದರು. ಕೆಲಕಾಲ ಬೆತ್ಲೆಹೇಮಿನ ಕಾರ್ಮೆಲಿನಲ್ಲಿಯೂ ಇದ್ದರು. ಮಂಗಳೂರಿನ ಶಾಲೆಗಳನ್ನು ನೋಡಲು ಅವರು ಮತ್ತೆ ಭಾರತಕ್ಕೆ ಬರಲೇ ಇಲ್ಲ. ಅವರು ಸಿದ್ಧಗೊಳಿಸಿದ್ದ ಭಗಿನಿಯರು ಮಾತ್ರ ಇಲ್ಲಿ ಪಾಠ ನಿಲ್ಲಿಸಲಿಲ್ಲ.

ಆ ಶಾಲೆಗಳಲ್ಲಿ ಕಥೋಲಿಕರಲ್ಲದ ಮಕ್ಕಳೂ ಕಲಿತರು. ಸರ್ಕಾರದ ನೆರವು ಪಡೆಯುವ ಶಾಲೆಗಳಲ್ಲಿ ಒಪ್ಪಿಗೆಯಿಲ್ಲದೆ ಯಾರಿಗೂ ಧರ್ಮಬೋಧನೆ ಮಾಡಲಾಗದೆಂದು ನಮ್ಮ ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಆದುದರಿಂದ ಕಥೋಲಿಕ ಮಕ್ಕಳಿಗೆ ಧರ್ಮೋಪದೇಶ, ಉಳಿದವರಿಗೆ ನೀತಿಪಾಠ ಎಂಬ ಪದ್ಧತಿ ಅನೇಕ ಕಡೆ ರೂಢಿಗೆ ಬಂದಿದೆ. ಒಂದೇ ದಿನ ವ್ಯಾಕರಣವನ್ನೂ ಧರ್ಮವನ್ನೂ ಹೇಳಬೇಕಾದ ಅಧ್ಯಾಪಕಿಗೆ ತಾನು ಯಾರೆಂಬ ಪ್ರಶ್ನೆ ಏಳುವುದು ಸಹಜವೇ.

ಮಾತೆ ವೆರೋನಿಕಾ 1906ರ ನವೆಂಬರ್ 16ರಂದು ಪೋ ಪಟ್ಟಣದ ಮಠದಲ್ಲಿ ಕಣ್ಣುಮುಚ್ಚಿದರು. 1921ರಲ್ಲಿ ಅವರ ಸಭೆಯು ಮಂಗಳೂರಿನಲ್ಲಿ ಸಂತ ಆಗ್ನೆಸರ ಮಹಿಳಾ ಕಾಲೇಜನ್ನು ತೆರೆಯಿತು; ಅಧ್ಯಾಪಕಿಯರನ್ನು ರೂಪಿಸುವ ಶಿಕ್ಷಣ ಕಾಲೇಜು ಸಂತ ಆನ್ನರ ಹೆಸರಿನಲ್ಲಿ ಮುಂದೆ ಬಂದಿತು. 2014ರಲ್ಲಿ ಧರ್ಮಸಭೆಯು ಅವರನ್ನು ವಂದನೀಯರೆಂದು ಘೋಷಿಸಿತು.